ಗಿರಣಿ ವಿಳಾಸಕ್ಕೆ ಬಂದ ಲಕೋಟೆಗಳು

ಸಿಂಚನಾ, ಮನೋಜ, ಚೈತ್ರಾ, ಮೂವರೂ ಓದಿ. ಬರೆಯುತ್ತಿರುವುದು ಮುಖ್ಯವಾಗಿ ಸಿಂಚನಾಳಿಗೆ. ಉಳಿದಿಬ್ಬರು ಪಕ್ಕದಲ್ಲಿ ಕೂತು ಕೇಳಿಸಿಕೊಂಡರೂ ಸಾಕು.

ಇವತ್ತು ಬೆಳಿಗ್ಗೆ ಗಿರಣಿಯಿಂದ ರಾಗಿ ಹಿಟ್ಟು ತಂದು ಡಬ್ಬದ ಮುಚ್ಚಳ ತೆಗೆದೆ. ಬಿಸಿ ಹಿಟ್ಟಿನ ವಾಸನೆ ಮುಖಕ್ಕೆ ಬಂತು. ನಿಮಗೆ ಅದು ಮುದ್ದೆಯ ವಾಸನೆ. ನನಗೆ ಮಾತ್ರ ಇಪ್ಪತ್ತು ವರ್ಷದಿಂದ ಅದು ಅಂಚೆಯ ಲಕೋಟೆಯ ವಾಸನೆ. ನಿನ್ನೆ ಸಿಂಚನಾ ಚಿತ್ರದುರ್ಗದಿಂದ ಫೋನ್ ಮಾಡದೇ ಇದ್ದಿದ್ದರೆ ಇದನ್ನು ನಿಮಗೆ ಹೇಳುತ್ತಿರಲಿಲ್ಲವೇನೋ.

ಡಿಗ್ರಿ ಮುಗಿಸಿ, ಯಾರ ಕೈಕೆಳಗೂ ಕೆಲಸಕ್ಕೆ ಸೇರದೆ, ಬರೆದೇ ಬದುಕುತ್ತೇನೆ ಎಂದು ಹೊರಟವಳು ಅವಳು. ಐದು ಕಡೆ ಲೇಖನ ಕಳಿಸಿದ್ದಳಂತೆ. ನಾಲ್ಕು ಕಡೆಯಿಂದ ಉತ್ತರವೇ ಇಲ್ಲ. ಐದನೆಯವರು ಒಂದೇ ಸಾಲಿನಲ್ಲಿ ಬೇಡ ಎಂದರಂತೆ. "ಅಜ್ಜಿ, ಈ ತಿಂಗಳು ನೋಡ್ತೀನಿ, ಆಮೇಲೆ ಬಿಟ್ಬಿಡ್ತೀನಿ. ನಂಗೆ ಬರೆಯೋಕೇ ಬರಲ್ಲ ಅನ್ಸುತ್ತೆ" ಅಂದಳು. ಅದಕ್ಕೆ ನಾನು ಏನು ಹೇಳಿದೆ ಗೊತ್ತೇ? "ಊಟ ಆಯ್ತಾ?" ಅಂದೆ. ಫೋನ್ ಬಂತೆಂದರೆ ಮೊದಲು ಸೆರಗಿಗೆ ಕೈ ಒರೆಸಿಕೊಳ್ಳುವವಳು ನಾನು. ಕೈ ಒರೆಸುವಷ್ಟರಲ್ಲಿ ಮಾತೂ ಒರೆಸಿಹೋಗಿರುತ್ತದೆ. ಅಲ್ಲಿ ಹೇಳಬೇಕಾಗಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಓದಿದ್ದು ಮತ್ತೋಡಿನ ಶಾಲೆಯಲ್ಲಿ, ಏಳನೇ ಕ್ಲಾಸಿನವರೆಗೆ. ನಿಮ್ಮ ತಾತ ತೀರಿಕೊಂಡು ಎರಡು ವರ್ಷವಾದಾಗ ಅದೇ ಶಾಲೆಗೆ ಬಿಸಿಯೂಟದ ಅಡುಗೆಗೆ ಸೇರಿದೆ. ಸಿಂಚನಾ ಆಗ ತೊಟ್ಟಿಲಲ್ಲಿದ್ದಳು. ಮಧ್ಯಾಹ್ನ ಪಾತ್ರೆ ತೊಳೆದ ಮೇಲೆ ಮೇಷ್ಟ್ರುಗಳು ಓದಿ ಬಿಟ್ಟ ಪತ್ರಿಕೆ ನನ್ನ ಪಾಲಿಗೆ. ಒಂದು ದಿನ ಅದರ ಭಾನುವಾರದ ಪುರವಣಿಯಲ್ಲಿ, ಓದುಗರೂ ಬರೆದು ಕಳಿಸಬಹುದು, ತಮ್ಮ ವಿಳಾಸ ಬರೆದು ಸ್ಟಾಂಪು ಹಚ್ಚಿದ ಲಕೋಟೆ ಜೊತೆಗಿಡಬೇಕು ಎಂದಿತ್ತು. ಪ್ರಕಟಿಸಲಾಗದ ಬರಹ ಆ ಲಕೋಟೆಯಲ್ಲಿ ವಾಪಸ್ ಬರುತ್ತದೆ. ಬರೆಯುವ ಆಸೆ ನನಗೆ ಶಾಲೆಯ ದಿನದಿಂದಲೂ ಇತ್ತು. ಆದರೆ ನಮ್ಮ ಪೋಸ್ಟ್‌ಮ್ಯಾನು ಕಾಗದ ಬಂದರೆ ಬೀದಿಯ ತುದಿಯಿಂದಲೇ ಹೆಸರು ಹಿಡಿದು ಕೂಗುತ್ತಾ ಬರುವವನು. ಗಂಡ ಇಲ್ಲದವಳಿಗೆ ಪೇಪರಿನವರ ಕಾಗದ ಯಾಕೆ ಬರುತ್ತದೆ ಎಂದು ಬೀದಿಯೆಲ್ಲ ಕೇಳೀತು ಎಂದು ಹೆದರಿ, ಲಕೋಟೆಯ ಮೇಲೆ 'ಹಿಟ್ಟಿನ ಗಿರಣಿ, ಮತ್ತೋಡು' ಎಂದು ಬರೆದೆ. ಗಿರಣಿಯ ಒಡತಿ ಈರಮ್ಮ ನನಗಿಂತ ಹತ್ತು ವರ್ಷ ದೊಡ್ಡವಳು, ನನ್ನ ಮೇಲೆ ಅಕ್ಕರೆ ಇದ್ದವಳು. ಅವಳೊಬ್ಬಳಿಗೇ ವಿಷಯ ಹೇಳಿಟ್ಟೆ, ಗುಟ್ಟಾಗಿಡುತ್ತಾಳೆ ಎಂದುಕೊಂಡೆ.

ಗಿರಣಿಯಲ್ಲಿ ಯಾರಾದರೂ ಗುಟ್ಟು ಇಡುತ್ತಾರೆಯೇ! ಬೆಲ್ಟು ತಿರುಗುವ ಸದ್ದಿನಲ್ಲಿ ಅಲ್ಲಿ ಎಲ್ಲರೂ ಕೂಗಿಯೇ ಮಾತಾಡಬೇಕು. ಮೊದಲ ಲಕೋಟೆ ಬಂದ ದಿನ ನಾನು ಡಬ್ಬ ಇಟ್ಟು ನಿಂತಿದ್ದೆ. ಈರಮ್ಮ, ಹುಬ್ಬಿನ ಮೇಲೆಲ್ಲ ಹಿಟ್ಟು, ಆ ತುದಿಯಿಂದ ಕೂಗಿದಳು.

"ಲೇ ತಂಗೀ, ನಿನ್ ಲೇಖನ ವಾಪಸ್ ಬಂದೈತೆ! ಬ್ಯಾಡಂತೆ!"

ಸರಿಯಾಗಿ ಆ ಹೊತ್ತಿಗೆ ಕರೆಂಟು ಹೋಯಿತು. 'ಬ್ಯಾಡಂತೆ' ಅನ್ನುವುದೊಂದೇ ಗಿರಣಿಯ ತುಂಬ ನಿಂತಿತು. ಸಾಲಿನಲ್ಲಿದ್ದ ರುದ್ರಪ್ಪ ಕೇಳಿದ.

"ಏನು ಬ್ಯಾಡಂತೆ? ಯಾರಿಗೆ ಬ್ಯಾಡಂತೆ?"

"ಇವ್ಳು ಪೇಪರ್‌ಗೆ ಬರೀತಾಳೆ ಕಣ್ರೋ. ಅವ್ರು ಬ್ಯಾಡ ಅಂದವ್ರೆ."

"ನಮ್ಮ ಎಮ್ಮೆ ಮೂರು ದಿನದಿಂದ ಕಾಣ್ತಿಲ್ಲ. ಅದನ್ನ ಬರಿಯವ್ವ, ತಗಂತಾರೆ."

ಎಲ್ಲರೂ ನಕ್ಕರು. ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು. ನೆಲ ಬಿರಿಯಲಿಲ್ಲ. ಕರೆಂಟು ಬಂತು, ಹಿಟ್ಟು ಬಂತು, ಮನೆಗೆ ಬಂದೆ. ರಾತ್ರಿ ಮುದ್ದೆ ಉಣ್ಣುವಾಗ ಒಂದು ವಿಷಯ ಹೊಳೆಯಿತು: ಇನ್ನು ಮುಚ್ಚಿಡಲು ನನ್ನ ಹತ್ತಿರ ಏನೂ ಉಳಿದಿಲ್ಲ. ಅವತ್ತು ಚೆನ್ನಾಗಿ ನಿದ್ದೆ ಮಾಡಿದೆ.

ಆ ಲೇಖನ ಬೇಡವಾಗಿದ್ದಕ್ಕೆ ಕಾರಣವೂ ಇತ್ತು. ಹಾಳೆಯ ಎರಡೂ ಮಗ್ಗುಲಿಗೆ ಬರೆದಿದ್ದೆ. 'ಒಂದೇ ಮಗ್ಗುಲಲ್ಲಿ ಬರೆಯಿರಿ' ಎಂದು ಯಾರೋ ಕೆಂಪು ಶಾಯಿಯಲ್ಲಿ ಗೀಚಿದ್ದರು. ಅರ್ಧ ಹಾಳೆಯನ್ನು ಖಾಲಿ ಬಿಡುವುದು ನನಗೆ ಅನ್ನ ಚೆಲ್ಲಿದ ಹಾಗೆ ಕಾಣಿಸುತ್ತಿತ್ತು. ಅದನ್ನು ಕಲಿಯಲು ಇನ್ನೂ ಒಂದು ಲಕೋಟೆ ಹಿಡಿಯಿತು ಅನ್ನಿ.

ಈರಮ್ಮ ಲಕೋಟೆಗಳನ್ನು ಸುಮ್ಮನೆ ಕೊಡುತ್ತಿರಲಿಲ್ಲ. "ನನ್ ಗಿರಣಿಗೆ ಬಂದಿದ್ದು ನಂದು" ಎಂದು ಒಡೆದು ಓದುತ್ತಿದ್ದಳು. ಐದನೇ ಕ್ಲಾಸಿನ ಓದು. ಅಕ್ಷರ ಕೂಡಿಸಿ ಕೂಡಿಸಿ ಓದುವವಳಾದ್ದರಿಂದ ಒಂದು ಪದವನ್ನೂ ಬಿಡುತ್ತಿರಲಿಲ್ಲ. ತಾಯಿಯ ಬಗ್ಗೆ ನಾನು ಬರೆದದ್ದು ಎರಡನೇ ಸಲ ವಾಪಸ್ ಬಂದಾಗ ಮೂಟೆಯ ಮೇಲೆ ನನ್ನನ್ನು ಕೂರಿಸಿದಳು.

"ನಿಮ್ಮವ್ವ ಸೌಟು ತಿರುವಿ ಹೊಡೀತಿದ್ಲು ಅಂತ ನೀನೇ ಹೇಳಿದ್ದೆ. ಇಲ್ ನೋಡಿದ್ರೆ ತ್ಯಾಗಮಯಿ, ಕರುಣಾಮಯಿ ಅಂತ ಬರ್ದೀಯ. ಯಾರವ್ವ ಲೇ ಇವ್ಳು?"

ಶಾಲೆಯಲ್ಲಿ ಬಾಯಿಪಾಠ ಮಾಡಿದ ಯಾವುದೋ ತಾಯಿ ಅವಳು. ಸಿಂಚನಾ, ನೀನು ಕಳಿಸಿದ ಐದರಲ್ಲಿ ಎಷ್ಟು ನಿನ್ನವು, ಎಷ್ಟು ಬೇರೆ ಯಾರದೋ ಅವ್ವನವು, ಒಂದು ಸಲ ನೋಡಿಕೋ. ನನಗಂತೂ ಏಳು ಲಕೋಟೆ ಬೇಕಾದವು.

ಏಳರವರೆಗೆ ಬರೆದೆನಲ್ಲ, ಅದೂ ನನ್ನ ಛಲದಿಂದಲ್ಲ. ಈರಮ್ಮ ಒಂದು ಕಟ್ಟಳೆ ಮಾಡಿದ್ದಳು. ಹೊಸ ಲಕೋಟೆ ಅಂಟಿಸಿ ತಂದು ತೋರಿಸಿದರೆ ಮಾತ್ರ ಹಳೆಯದು ಕೈಗೆ. ನನ್ನ ಬರಹ ಗಿರಣಿಯ ಗೂಡಿನಲ್ಲಿ ಎಲ್ಲರ ಕಣ್ಣೆದುರು ಬಿದ್ದಿರುವುದನ್ನು ನೋಡಲಾರದೆ ಹೊಸದು ಬರೆಯುತ್ತಿದ್ದೆ. ಸಾಲಿನವರಿಗೂ ರೂಢಿಯಾಯಿತು. "ಏನವ್ವ, ಈ ವಾರ ಬ್ಯಾಡಂತೋ, ಬೇಕಂತೋ?" ಎಂದು ರುದ್ರಪ್ಪ ಕೇಳುವನು. ಅವನ ಎಮ್ಮೆ ಸಿಕ್ಕಿತ್ತು.

ಎಂಟನೆಯದಕ್ಕೆ ಬರುತ್ತೇನೆ. ಗಿರಣಿಯಲ್ಲಿ ಒಬ್ಬರ ಕಾಳು ಬೀಸಿದ ಮೇಲೆ ಕಲ್ಲಿನ ನಡುವೆ ಒಂದು ಹಿಡಿ ಹಿಟ್ಟು ಉಳಿಯುತ್ತದೆ. ಅದು ಮುಂದಿನವರ ಡಬ್ಬಕ್ಕೆ ಬೀಳುತ್ತದೆ. ಹಾಗಾಗಿ ಊರಿನ ಎಲ್ಲರ ಮನೆಯಲ್ಲೂ ಇನ್ನೊಬ್ಬರ ಮನೆಯ ಹಿಟ್ಟು ಇದ್ದೇ ಇರುತ್ತದೆ. ನಿಮ್ಮ ತಾತ ಹೋದ ಮೇಲೆ, ಮದುವೆ ಮನೆಯ ಡಬ್ಬ ನನ್ನ ಹಿಂದೆ ಬಂದರೆ ನಾನು ನನ್ನದನ್ನು ಎತ್ತಿ ಸಾಲಿನ ಕೊನೆಗೆ ಇಡುತ್ತಿದ್ದೆ. ಯಾರೂ ಹಾಗೆ ಮಾಡು ಎಂದು ಹೇಳಿರಲಿಲ್ಲ. ಬೇಡ ಎಂದೂ ಯಾರೂ ಹೇಳಲಿಲ್ಲ. ಒಂದು ದಿನ ಈರಮ್ಮ ಕೇಳಿದಳು.

"ಯಾಕೆ ಹಿಂದಕ್ಕೆ ಹೋದೆ?"

"ಅವ್ರಿಗೆ ಅವಸರ ಐತೆ ಕಣಕ್ಕ" ಅಂದೆ.

ಆ ಸುಳ್ಳು ಡಬ್ಬದ ಜೊತೆ ಮನೆವರೆಗೂ ಬಂತು. ಮಾರನೆಯ ಮಧ್ಯಾಹ್ನ ಶಾಲೆಯ ಅಡುಗೆಮನೆಯಲ್ಲೇ ಕೂತು, ಡಬ್ಬ ಹಿಂದಕ್ಕೆ ಇಡುವಾಗ ನಿಜವಾಗಿ ಏನನ್ನಿಸುತ್ತದೆಯೋ ಅದನ್ನು ಬರೆದೆ. ತ್ಯಾಗಮಯಿ ಎಲ್ಲೂ ಬರಲಿಲ್ಲ. ನಾಲ್ಕು ಹಾಳೆ, ಒಂದೇ ಮಗ್ಗುಲು.

ಮೂರು ವಾರವಾದರೂ ಲಕೋಟೆ ವಾಪಸ್ ಬರಲಿಲ್ಲ. ನಾಲ್ಕನೇ ವಾರ ಹೆಡ್‌ಮೇಷ್ಟ್ರು ಪುರವಣಿ ಹಿಡಿದು ಅಡುಗೆಮನೆಯ ಬಾಗಿಲಿಗೇ ಬಂದರು. ನನ್ನ ಹೆಸರು, ಕೆಳಗೆ ಮತ್ತೋಡು. ಖುಷಿ ಒಲೆಯ ಮೇಲಿನ ಹಾಲು ಉಕ್ಕುವಷ್ಟು ಹೊತ್ತು ಇತ್ತು. ಆಮೇಲೆ ಭಯ. ಇನ್ನು ಗಿರಣಿಗೆ ಹೋಗುವುದು ಹೇಗೆ? ಮದುವೆ ಮನೆಯವರ ಎದುರು ನಿಲ್ಲುವುದು ಹೇಗೆ? ಹಿಟ್ಟು ಮುಗಿದರೂ ಗಿರಣಿಗೆ ಹೋಗದೆ ನಾಲ್ಕು ದಿನ ಅನ್ನ ಮಾಡಿಕೊಂಡು ಉಂಡೆ. ಇನ್ನು ಬರೆಯುವುದೇ ಬೇಡ ಎಂದು ಪೆನ್ನನ್ನು ಸಾಸಿವೆ ಡಬ್ಬದ ಹಿಂದೆ ಇಟ್ಟೆ.

ಐದನೇ ದಿನ ರೊಟ್ಟಿಗೆಂದು ಅಕ್ಕಿ ತೊಳೆದು ಒಣಗಿಸಿದ್ದು ಬೀಸಿಸಲೇಬೇಕಾಯಿತು. ಹೋದೆ. ಗಿರಣಿಯ ಗೋಡೆಯ ಮೇಲೆ, ದರದ ಬೋರ್ಡಿನ ಪಕ್ಕ, ಹಿಟ್ಟಿನ ಅಂಟು ಹಚ್ಚಿ ನನ್ನ ಲೇಖನ ಮೆತ್ತಿದ್ದರು. ತಲೆ ತಗ್ಗಿಸಿ ಡಬ್ಬ ಇಟ್ಟೆ. ನನ್ನ ಹಿಂದೆಯೇ ದೊಡ್ಡಮನೆ ಸರೋಜಮ್ಮ ಬಂದರು, ಮಗಳ ಮದುವೆಯ ಚಕ್ಕುಲಿಗೆ ಅಕ್ಕಿ ಹಿಡಿದು. ನನ್ನ ಕೈ ರೂಢಿಯಂತೆ ಡಬ್ಬಕ್ಕೆ ಹೋಯಿತು. ಈರಮ್ಮ ಆ ಕಡೆಯ ಹಿಡಿ ಹಿಡಿದಳು.

"ಎಲ್ಲಿಗೆ? ಬರ್ದೋಳು ನೀನೇ ತಾನೆ?"

ಇಬ್ಬರೂ ಒಂದೊಂದು ಕಡೆ ಡಬ್ಬ ಹಿಡಿದು ನಿಂತೆವು. ಸರೋಜಮ್ಮ ಗೋಡೆ ನೋಡಿದರು, ನನ್ನನ್ನು ನೋಡಿದರು.

"ಹಾಕು ಈರಕ್ಕ, ಅವಳ್ದೇ ಮೊದ್ಲು ಹಾಕು. ಇಲ್ಲಾಂದ್ರೆ ಮುಂದಿನ ವಾರ ಪೇಪರ್‌ನಾಗೆ ನಾನೇ ಬರ್ತೀನಿ."

ಅದನ್ನು ಪ್ರೀತಿಯಿಂದ ಹೇಳಿದರೋ ಭಯದಿಂದಲೋ ನನಗೆ ಇವತ್ತಿಗೂ ಗೊತ್ತಿಲ್ಲ. ಹಿಟ್ಟಿಗೆ ಅದು ಬೇಕಾಗಿಯೂ ಇರಲಿಲ್ಲ. ನನ್ನ ಒಂದು ಹಿಡಿ ಅವರ ಡಬ್ಬಕ್ಕೆ ಬಿತ್ತು. ಆ ಚಕ್ಕುಲಿಯನ್ನು ನಾನೂ ತಿಂದೆ, ಮದುವೆ ಚಪ್ಪರದಲ್ಲಿ ಕೂತು. ಆ ಹುಡುಗಿ ಹೊಳಲ್ಕೆರೆಯಲ್ಲಿ ಗಂಡ ಮಕ್ಕಳೊಂದಿಗೆ ಚೆನ್ನಾಗಿದ್ದಾಳೆ. ಅನುಮಾನ ಇರುವವರಿಗಾಗಿ ಹೇಳಿಟ್ಟೆ.

ಅಂದು ಸಂಜೆಯೇ ಪೆನ್ನು ಸಾಸಿವೆ ಡಬ್ಬದ ಹಿಂದಿನಿಂದ ಹೊರಗೆ ಬಂತು. ಆಮೇಲೆ ಎಷ್ಟು ಬರೆದೆ ಎಂದು ಲೆಕ್ಕ ಇಟ್ಟಿಲ್ಲ. ಪುರವಣಿಗಳಿಗೆ, ವಾರಪತ್ರಿಕೆಗಳಿಗೆ ಬರೆದೆ. ಹರಿಯಬ್ಬೆಯ ಮಹಿಳಾ ಸಂಘದವರು ತಮ್ಮ ಹತ್ತು ವರ್ಷದ ಕತೆ ಬರೆದುಕೊಡಿ ಎಂದು ಹಿರಿಯೂರಿನಲ್ಲಿ ಬಸ್ಸು ಬದಲಿಸಿ ಹುಡುಕಿಕೊಂಡು ಬಂದರು. ಬರೆಯುವವಳು ನಾನು ಎಂದು ಈಗ ಯಾರ ಮುಂದೆಯೂ ಹೇಳಬಲ್ಲೆ. ಮೆಲ್ಲಗೆ ಹೇಳುತ್ತೇನೆ, ಆದರೆ ಹೇಳುತ್ತೇನೆ. ಬೇಡವಾದವು ಈಗಲೂ ಬೇಡವಾಗುತ್ತವೆ.

ಈಗ ಈರಮ್ಮನ ಅಳಿಯ ಗಿರಣಿ ನಡೆಸುತ್ತಾನೆ. ಅವಳು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂರುತ್ತಾಳೆ, ಕಿವಿ ಪೂರ್ತಿ ಮಂದ. ಇವತ್ತು ಸಿಂಚನಾಳ ವಿಷಯ ಹೇಳಲು ನಾನೇ ಕೂಗಬೇಕಾಯಿತು. ಊರಿಗೆಲ್ಲ ಗೊತ್ತಾಗಿದೆ, ಬೇಜಾರು ಮಾಡಿಕೊಳ್ಳಬೇಡ ಮಗಳೇ.

"ಬ್ಯಾಡ ಅಂತ ಬಂದಾಗ ಜೊತೆಗೆ ಯಾರಿರ್ತಾರೆ?" ಎಂದು ಕೇಳಿದಳು.

"ಯಾರೂ ಇಲ್ಲಕ್ಕ. ಫೋನ್‌ನಾಗೆ ಬರ್ತೈತೆ, ರೂಮಿನಾಗೆ ಒಬ್ಳೇ ನೋಡ್ಕಂತಾಳೆ."

"ಮತ್ತೆ? ಒಬ್ಳೇ ಕುಂತು ಬ್ಯಾಡ ಅನ್ನಿಸ್ಕಂಡ್ರೆ ಯಾರಿಗಾದ್ರೂ ಸಾಕು ಅನ್ಸ್ತೈತೆ. ಅವಳಿಗೂ ಗಿರಣಿ ವಿಳಾಸ ಕೊಡು."

ಡಬ್ಬ ಹೊತ್ತು ಬರುವಾಗ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ. ಈರಮ್ಮ ಅಷ್ಟು ಜನರ ಮುಂದೆ ಕೂಗಿ ನನ್ನ ಮಾನ ಕಳೆದಳು ಎಂದೇ ಇಷ್ಟು ವರ್ಷ ತಮಾಷೆಗೆ ಹೇಳಿಕೊಂಡು ಬಂದಿದ್ದೆ. ಅವಳು ನನ್ನನ್ನು ಒಂಟಿಯಾಗಿ ಬಿಡಲಿಲ್ಲ ಎಂಬುದು ಇವತ್ತು ತಿಳಿಯಿತು.

ಆದ್ದರಿಂದ ಸಿಂಚನಾ, ಇನ್ನು ಮೇಲೆ ಬೇಡವಾದದ್ದನ್ನೆಲ್ಲ ನನಗೆ ಫೋನಿನಲ್ಲಿ ಓದಿ ಹೇಳು. ಊಟ ಆಯ್ತಾ ಎಂದು ಕೇಳುವುದಿಲ್ಲ. ಯಾರವ್ವ ಇವಳು ಎಂದು ಬೇಕಾದರೆ ಕೇಳುತ್ತೇನೆ. ಹೊಸದು ಕಳಿಸಿದ್ದೀಯಾ ಎಂದಂತೂ ಕೇಳಿಯೇ ಕೇಳುತ್ತೇನೆ. ನಾಳೆ ಬೆಳಿಗ್ಗೆ ನಾನೇ ಫೋನ್ ಮಾಡುತ್ತೇನೆ, ಕೈ ಒರೆಸಿಕೊಳ್ಳದೆ.

ಮನೋಜ, ಚೈತ್ರಾ, ಈ ಹಾಳೆಗಳ ಜೊತೆ ಆ ಏಳು ಲಕೋಟೆಗಳನ್ನೂ ಕಟ್ಟಿ ಕಳಿಸುತ್ತಿದ್ದೇನೆ. ಕೊಡವಿದರೆ ಈಗಲೂ ಚೂರು ಹಿಟ್ಟು ಉದುರುತ್ತದೆ, ಕೊಡವಬೇಡಿ. ಎಲ್ಲವನ್ನೂ ಜೋಪಾನವಾಗಿಡಿ. ನಾನು ಒಂದೇ ಮಗ್ಗುಲಿಗೆ ಬರೆದಿದ್ದೇನೆ. ಇನ್ನೊಂದು ಮಗ್ಗುಲು ಸಿಂಚನಾಳದು.