ಕಾಲು ಕೂತಿರಲಿಲ್ಲ

ದೇವದಾಸನಿಗೆ ಇಪ್ಪತ್ತೊಂದು ದಿನದ ಕೂಲಿ ಬರಬೇಕು. ದಿನಕ್ಕೆ ಮೂರು ರೂಪಾಯಿಯಂತೆ ಅರವತ್ತಮೂರು. ೧೯೭೨ರ ಡಿಸೆಂಬರಿನದು, ಈವತ್ತಿಗೂ ಬಂದಿಲ್ಲ.

ನಾಸಿಕದ ಮುದ್ದಣ್ಣನ ಹೋಟೆಲಿನಲ್ಲಿ ದೇವದಾಸ ದೋಸೆ ಹಾಕುತ್ತಿದ್ದ. ಕುಂದಾಪುರದ ಕಡೆಯವನು, ಬಂದು ಒಂಬತ್ತು ವರ್ಷವಾಗಿತ್ತು. ಬೆಳಿಗ್ಗೆ ಐದಕ್ಕೆ ಕಾವಲಿಯ ಮುಂದೆ ನಿಂತರೆ ಮಧ್ಯಾಹ್ನ ಎರಡರ ತನಕ, ಮತ್ತೆ ನಾಲ್ಕರಿಂದ ರಾತ್ರಿ ಒಂಬತ್ತು. ನೆಲ ಕಡಪಾ ಕಲ್ಲಿನದು, ಸದಾ ಒದ್ದೆ. ಒಲೆಯ ಮುಂದೆ ಚಪ್ಪಲಿ ಮೆಟ್ಟಬಾರದೆಂಬುದು ಮುದ್ದಣ್ಣನ ಅಪ್ಪನ ಕಾಲದಿಂದ ಬಂದ ಕಟ್ಟಳೆ. ಹಾಗಾಗಿ ದಿನಕ್ಕೆ ಹದಿನಾಲ್ಕು ತಾಸು ಬರಿಗಾಲು, ನೀರು, ಕಲ್ಲು.

ನಡುವಿನ ಎರಡು ತಾಸು ಮಾತ್ರ ಅವನದು. ಬೇರೆಯವರು ಅಕ್ಕಿಮೂಟೆಯ ಮೇಲೆ ಒರಗುವಾಗ ಅವನು ಕ್ಯಾನ್ವಾಸ್ ಬೂಟು ಕಟ್ಟಿಕೊಂಡು ತ್ರ್ಯಂಬಕ ರಸ್ತೆಯಲ್ಲಿ ಸಾತಪುರದವರೆಗೆ ಓಡುತ್ತಿದ್ದ. ಚಟಕ್ಕಲ್ಲ. ಜನವರಿ ಇಪ್ಪತ್ತಾರಕ್ಕೆ ಓಝರಿನಿಂದ ನಾಸಿಕಕ್ಕೆ ಓಟ ಇಟ್ಟಿದ್ದರು. ಮೊದಲ ಐದು ಜನಕ್ಕೆ ಸಾತಪುರದ ಒಂದು ಕಾರ್ಖಾನೆ ಕಾಯಂ ನೌಕರಿ ಕೊಡುತ್ತದೆಂದು ಸಾರಿತ್ತು. ಕಾರ್ಖಾನೆಯಲ್ಲಿ ಎಂಟು ತಾಸಿನ ಕೆಲಸ, ಮೇಲಾಗಿ ಕಾಲಿಗೆ ಬೂಟನ್ನು ಅವರೇ ಕೊಡುತ್ತಾರೆ. ಬೂಟಿನ ಮಾತು ಕೇಳಿದ ದಿನವೇ ಅವನು ಹೆಸರು ಬರೆಸಿದ್ದ.

ನವೆಂಬರಿನಲ್ಲಿ ಎಡ ಮೊಣಕಾಲಿನ ಕೆಳಗೆ, ಬೆರಳಗಲದ ಒಂದೇ ಜಾಗದಲ್ಲಿ, ನೋವು ಹತ್ತಿತು. ಎಕ್ಕದ ಎಲೆ ಇಟ್ಟು ಬಿಸಿ ಇಟ್ಟಿಗೆಯ ಶಾಖ ಕೊಟ್ಟ. ನೋವು ಅಡಗಿತು, ಅಡಗಿದ್ದನ್ನೇ ವಾಸಿ ಎಂದುಕೊಂಡು ಮತ್ತಷ್ಟು ಓಡಿದ. ಡಿಸೆಂಬರಿನಲ್ಲಿ ಕಾಲೂರಲು ಆಗದೆ ಡಾಕ್ಟರರ ಹತ್ತಿರ ಹೋದಾಗ, ಎಲುಬಿನಲ್ಲಿ ಕೂದಲೆಳೆಯ ಬಿರುಕು ಇದೆ, ಆರು ವಾರ ಕೂತಿರು, ಕಲ್ಲುನೆಲದ ಮೇಲೆ ಬರಿಗಾಲಲ್ಲಿ ನಿಲ್ಲಲೇಬೇಡ ಎಂದರು.

ಅವನು ಕೇಳಿದ್ದು ರಬ್ಬರ್ ಚಪ್ಪಲಿಯೊಂದನ್ನೇ. ಮುದ್ದಣ್ಣ ಗಲ್ಲಾಪೆಟ್ಟಿಗೆಯಿಂದ ತಲೆ ಎತ್ತಲಿಲ್ಲ.

"ರಬ್ಬರಾದ್ರೆ ಎಂತ, ದಾರಿ ತುಳಿದದ್ದೇ ಅಲ್ವಾ? ಒಲೆ ಎದುರು ಅದೆಲ್ಲ ಬೇಡ ಮಾರಾಯ. ಮೂರು ವಾರ ಕೂತ್ಕೊ. ಕೂಲಿ ಎಲ್ಲಿಗೂ ಹೋಗುದಿಲ್ಲ. ಕೂತಲ್ಲೇ ರುಬ್ಬು ಕಾಂಬ."

ಕೂತು ಮಾಡುವ ಕೆಲಸ ವಿಶ್ರಾಂತಿಯೇ ಎಂದು ದೇವದಾಸನೂ ನಂಬಿದ. ದಿನಕ್ಕೆ ಇಪ್ಪತ್ತು ಸೇರು ಅಕ್ಕಿ ರುಬ್ಬಿದ. ರುಬ್ಬುಗಲ್ಲಿನ ಆ ದೊಡ್ಡ ಗುಂಡು ತಿರುಗಬೇಕಾದರೆ ಒಂದು ಕಾಲನ್ನು ಕಲ್ಲಿನ ಅಂಚಿಗೆ ಒತ್ತಿ ಹಿಡಿಯಬೇಕು. ಬಲಗೈಯವನಿಗೆ ಅದು ಎಡಗಾಲು. ಇಪ್ಪತ್ತೊಂದು ದಿನ ಬಿರುಕು ಬಿಟ್ಟ ಎಲುಬನ್ನೇ ಕಲ್ಲಿಗೆ ಆನಿಸಿ ಅವನು ವಿಶ್ರಾಂತಿ ತೆಗೆದುಕೊಂಡ.

ಕಂಡುಹಿಡಿದವಳು ಪಾತ್ರೆ ತಿಕ್ಕುವ ಕಸ್ತೂರಿಬಾಯಿ. ಮರಾಠಿಯವಳು, ಹೋಟೆಲಿನವರ ಬಾಯಿಂದ ಕನ್ನಡ ಕಲಿತವಳು. ಕೊನೆಯ ದಿನ ಅವನ ಕಣಕಾಲಿನ ಬಾವು ನೋಡಿ, ಬೂದಿಯ ಕೈಯಲ್ಲೇ ಅದನ್ನು ಮುಟ್ಟಿ ಅಂದಳು:

"ಅರೆ ಬಾಬಾ, ನೀನು ಕೂತಿದೀ. ಕಾಲು ಕೂತಿಲ್ಲ."

ಅವನು ನಕ್ಕುಬಿಟ್ಟ. ಅವಳು ನಗಲಿಲ್ಲ. ಮುಂದಿನ ವರ್ಷ ಓಡು ಎಂದಳು. ಮುಂದಿನ ವರ್ಷ ನೌಕರಿ ಇಟ್ಟುಕೊಂಡು ಯಾರು ಕಾಯುತ್ತಾರೆ ಎಂದ ಅವನು.

ಇಪ್ಪತ್ತಾರರ ಬೆಳಿಗ್ಗೆ ಮೊಣಕಾಲಿನಿಂದ ಹಿಮ್ಮಡಿಯವರೆಗೆ ಹಳೆಯ ಪಂಚೆಯ ಪಟ್ಟಿ ಸುತ್ತಿಕೊಂಡು ಓಡಿದ. ಅರ್ಧ ದಾರಿಗೆ ನಾಲ್ಕನೆಯವನಾಗಿದ್ದ. ಆಡಗಾಂವ್ ದಾಟುವಾಗ ಹಸಿ ಕಟ್ಟಿಗೆ ಮುರಿದಂತೆ ಸದ್ದಾಯಿತು. ಹಿಂದಿನವನಿಗೂ ಅದು ಕೇಳಿಸಿತಂತೆ.

ಪಿಂಪಳಗಾಂವಿನಿಂದ ಈರುಳ್ಳಿ ಹೇರಿಕೊಂಡು ಬಂದ ಲಾರಿಯವನು ಅವನನ್ನು ಮೂಟೆಗಳ ಮೇಲೆ ಮಲಗಿಸಿದ. ಲಾರಿ ಓಟಗಾರರನ್ನು ಒಬ್ಬೊಬ್ಬರಾಗಿ ಹಿಂದಿಕ್ಕುತ್ತ ನಾಸಿಕಕ್ಕೆ ಬಂತು. ದೇವದಾಸ ಮೇಲಿನಿಂದ ಎಣಿಸಿದ: ಐದನೆಯವನು, ನಾಲ್ಕನೆಯವನು, ಮೂರನೆಯವನು. ಆಮೇಲೆ ಕಣ್ಣು ಮುಚ್ಚಿಕೊಂಡ.

ಆಸ್ಪತ್ರೆಗೆ ಮುದ್ದಣ್ಣನೇ ಗಂಜಿ ತಂದ, ಅದನ್ನು ಮರೆಮಾಚಬಾರದು. ಆದರೆ ಕೂಲಿಯ ಮಾತು ಬಂದಾಗ, ಆ ಇಪ್ಪತ್ತೊಂದು ದಿನ ನೀನು ರಜೆಯಲ್ಲಿದ್ದೆ, ಅನ್ನ ಹಾಕಿದ್ದರ ದುಡ್ಡನ್ನೇ ನಾನು ಮುರಿದುಕೊಂಡಿಲ್ಲ ಎಂದ. ಹಾಗಾದರೆ ಹಿಟ್ಟು ರುಬ್ಬಿದ್ದು ಯಾರು ಎಂದು ದೇವದಾಸ ಕೇಳಿದ. ಮುದ್ದಣ್ಣ ಗಂಜಿಯ ಪಾತ್ರೆ ಎತ್ತಿಕೊಂಡು ಹೊರಟುಹೋದ.

ಎಲುಬು ಸೊಟ್ಟಗೆ ಕೂಡಿತು, ಕಾಲು ಅರ್ಧ ಇಂಚು ಗಿಡ್ಡವಾಯಿತು. ಕುಂಟನಿಗೆ ಬೇರೆ ಯಾರು ಕೆಲಸ ಕೊಡುತ್ತಾರೆ? ಅದೇ ಕಾವಲಿ, ಅದೇ ಒದ್ದೆ ಕಲ್ಲು, ಅದೇ ಬರಿಗಾಲು. ಕಸ್ತೂರಿಬಾಯಿ ಎಡಗಾಲಿನಡಿಗೆ ಗೋಣಿಚೀಲ ಮಡಚಿ ಹಾಕುತ್ತಿದ್ದಳು, ಒಂದು ತಾಸಿನಲ್ಲಿ ಅದೂ ನೆನೆಯುತ್ತಿತ್ತು. ಬೂಟುಗಳು ಬಾಗಿಲ ಹೊರಗಿನ ಮೊಳೆಯಲ್ಲಿ ಏಳು ವರ್ಷ ನೇತಾಡಿದವು.

ನಾಳೆ ನೀವು ಎಲ್ಲೋ ದೋಸೆ ತಿನ್ನುತ್ತೀರಿ. ಕೈ ತೊಳೆಯಲು ಹಿಂದಕ್ಕೆ ಹೋದಾಗ ಅಡುಗೆಮನೆಯೊಳಗೆ ಬಗ್ಗಿ ನೋಡಿ. ಮುಖ ಬೇಡ, ಕಾಲು ನೋಡಿ. ಅದು ಬರಿಗಾಲಾಗಿ ನೀರಿನಲ್ಲಿದ್ದರೆ ಗಲ್ಲಾಪೆಟ್ಟಿಗೆಯ ಮುಂದೆ ನಿಂತು ಕೇಳಿ: ಇವನ ಚಪ್ಪಲಿ ಎಲ್ಲಿ? ಉತ್ತರ ಬರುವವರೆಗೆ ಬಿಲ್ಲಿನ ದುಡ್ಡು ಕೊಡಬೇಡಿ.