ಓ.ಟಿ. ಎಂಬ ಎರಡಕ್ಷರ

ಬ್ಯಾಂಕಿನ ಕಾಗದದಲ್ಲಿ, ಚರ್ಚಿನ ಪಟ್ಟಿಯಲ್ಲಿ, ತಾವು ಕಲಿಸುವ ಮಕ್ಕಳ ಅಂಕಪಟ್ಟಿಯ ಕೆಳಗೆ ಮಿಸೆಸ್ ಪೆಟಿಫರ್ಡ್ ಅವರದು ಒಂದೇ ರುಜು: ಓ.ಟಿ. ಪೆಟಿಫರ್ಡ್. ಇದು ಜಂಬವಲ್ಲ. ನಾರ್ತ್ ಕೆರೊಲಿನಾದ ನಮ್ಮ ಹೊಗೆಸೊಪ್ಪಿನ ಊರಿನಲ್ಲಿ ಬಿಳಿಯರು ಕರಿಯರನ್ನು ಮಾತಾಡಿಸುತ್ತಿದ್ದುದೇ ಏಕವಚನದಲ್ಲಿ. ಎಪ್ಪತ್ತರ ಮುದುಕನಾದರೂ 'ಲೋ ಹುಡುಗಾ'. ಕಾಲೇಜು ಓದಿದ ಹೆಂಗಸಾದರೂ ಬರೀ ಹೆಸರು. ಆ ಹೆಸರೇ ಗೊತ್ತಿಲ್ಲದಿದ್ದರೆ ಗತಿಯಿಲ್ಲದೆ 'ಮಿಸೆಸ್' ಎನ್ನಬೇಕಾಗುತ್ತಿತ್ತು.

ಈ ಉಪಾಯ ಹೇಳಿಕೊಟ್ಟವರು ಗಂಡ ವೆಂಡೆಲ್. ರೈಲಿನಲ್ಲಿ ಪ್ರಯಾಣಿಕರಿಗೆ ಹಾಸಿಗೆ ಹಾಸಿಕೊಡುವ ಕೆಲಸ ಅವರದು. ಆ ಕೆಲಸದ ಕರಿಯರನ್ನೆಲ್ಲ ಬಿಳಿಯರು 'ಜಾರ್ಜ್' ಎಂದೇ ಕೂಗುತ್ತಿದ್ದರು. "ನನ್ನ ಹೆಸರಂತೂ ಹೋಯ್ತು. ನಿನ್ನದನ್ನ ಅವರ ಬಾಯಿಗೆ ಕೊಡಬೇಡ ಕಣೆ, ಒಜೆಲ್ಲಾ," ಅಂದಿದ್ದರು. ತವರಿನವರೆಲ್ಲ ಮಣ್ಣಾದ ಮೇಲೆ ಆ ಹೆಸರು ಹಿಡಿದು ಕರೆಯುತ್ತಿದ್ದವರು ಅವರೊಬ್ಬರೇ. ಅವರೂ ತೀರಿಕೊಂಡು ಒಂಬತ್ತು ವರ್ಷವಾಗಿತ್ತು.

ಸಾವಿರದ ಒಂಬೈನೂರ ಅರವತ್ತೊಂಬತ್ತರಲ್ಲಿ ಬಿಳಿಯರ ಶಾಲೆ, ಕರಿಯರ ಶಾಲೆ ಒಂದಾಗಬೇಕೆಂದು ಕೋರ್ಟು ಹೇಳಿತು. ಒಂದಾಗುವುದೆಂದರೆ ನಮ್ಮ ಕರಿಯರ ಶಾಲೆಗೆ ಬೀಗ ಹಾಕುವುದು ಎಂದು ಆಮೇಲೆ ತಿಳಿಯಿತು. ಮಿಸೆಸ್ ಪೆಟಿಫರ್ಡ್ ಅವರ ಪಕ್ಕದ ಕೋಣೆಯಲ್ಲಿ ಇಪ್ಪತ್ತು ವರ್ಷ ಗಣಿತ ಹೇಳಿದ ಮಿಸೆಸ್ ಬ್ಯಾಟಲ್ ಅವರನ್ನು ಮನೆಗೆ ಕಳಿಸಿದರು. ಅವರು ದೂರದ ಉತ್ತರದಲ್ಲಿ ನ್ಯೂಆರ್ಕ್ ಎಂಬ ಊರಿನ ಅಕ್ಕನ ಮನೆ ಸೇರಿಕೊಂಡರು. ಮಿಸೆಸ್ ಪೆಟಿಫರ್ಡ್ ಅವರನ್ನು ಬಿಳಿಯರ ಶಾಲೆಗೆ ಕರೆಸಿಕೊಂಡರು, ಆದರೆ ಪಾಠ ಹೇಳುವುದಕ್ಕಲ್ಲ. ಇಪ್ಪತ್ತಾರು ವರ್ಷ ಇಂಗ್ಲಿಷ್ ಕಲಿಸಿದವರಿಗೆ ಪುಸ್ತಕದ ಉಗ್ರಾಣ ಕಾಯುವ ಕೆಲಸ ಕೊಟ್ಟರು.

ಶಾಲೆ ಊರಿನ ಆ ತುದಿಯಲ್ಲಿತ್ತು. ಹತ್ತಿರದಲ್ಲೇ ಬಾಡಿಗೆಗಿದ್ದ ಒಂದು ಮನೆ ಕೇಳಿ ಅವರು ಅದರ ಒಡೆಯರಿಗೆ ಪತ್ರ ಬರೆದರು. ಕಾಗದಕ್ಕೆ ಮೈಬಣ್ಣ ಇಲ್ಲವಲ್ಲ, 'ಶ್ರೀಯುತ ಓ.ಟಿ. ಪೆಟಿಫರ್ಡ್ ಅವರೇ, ಶನಿವಾರ ಬಂದು ಮನೆ ನೋಡಿ' ಎಂದು ಬಹಳ ಮರ್ಯಾದೆಯ ಉತ್ತರ ಬಂತು. ಶನಿವಾರ ಹೋದರೆ, ಬಾಗಿಲು ತೆರೆದ ಮುದುಕಿ ಇವರ ಹೆಗಲಾಚೆ ಬೀದಿ ನೋಡಿದಳು.

"ನಿಮ್ಮ ಸಾಹೇಬ್ರು ಎಲ್ಲೇ? ನಿನ್ನನ್ನ ಕಳಿಸಿದ್ರಾ?"

"ನಾನೇ ಪೆಟಿಫರ್ಡ್."

"ಹೌದಾ? ಮನೆ ಬೆಳಿಗ್ಗೆನೇ ಕೊಟ್ಟಾಯ್ತಲ್ಲ."

ಕೊಟ್ಟಾಗಿದ್ದ ಆ ಮನೆ ಎರಡು ತಿಂಗಳು ಖಾಲಿ ಬಿದ್ದಿತ್ತು.

ಶಾಲೆಯ ಹೆಡ್‌ಮಾಸ್ಟರು ಹಾಡ್ಜ್ ಎಂಬಾತ. ಮೊದಲ ದಿನವೇ ಹೆಸರಿಗೆ ಗಂಟುಬಿದ್ದ.

"ನಿನ್ನ ಹೆಸರೇನಮ್ಮಾ?"

"ಮಿಸೆಸ್ ಪೆಟಿಫರ್ಡ್."

"ಅದು ಗಂಡನ ಮನೇದು. ನಿಂದು?"

"ಓ.ಟಿ."

"ಓ ಅಂದ್ರೆ?"

"ಓ ಅಂದ್ರೆ ಓ, ಸಾರ್."

ಉಪಾಧ್ಯಾಯರ ಕೋಣೆಗೆ ಅವರು ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು. ಎರಡು ದಿನ ನೋಡಿ, ಮೂರನೆಯ ದಿನದಿಂದ ಉಗ್ರಾಣದಲ್ಲೇ ಬಾಗಿಲು ಮುಂದೆ ಮಾಡಿಕೊಂಡು ಊಟ ಮಾಡಿದರು. ವಾರಗಟ್ಟಲೆ ಅವರನ್ನು ಯಾರೂ ಮಾತಾಡಿಸುತ್ತಿರಲಿಲ್ಲ. ಮನೆಗೆ ಬಂದರೆ ಅಲ್ಲಿಯೂ ಗೋಡೆಗಳೇ. ಒಂಟಿತನಕ್ಕೆ ಅವರು ಹೊಸಬರಲ್ಲ, ಆದರೆ ಇಷ್ಟು ಜನರ ನಡುವಿನ ಒಂಟಿತನ ಅವರಿಗೂ ಹೊಸದು.

ಫೆಬ್ರವರಿಯಲ್ಲಿ ಪಿಂಚಣಿಯ ಲೆಕ್ಕಕ್ಕೆಂದು ಅವರ ಕಾಲೇಜಿನಿಂದ ಪೂರ್ತಿ ಹೆಸರಿದ್ದ ಹಳೆಯ ದಾಖಲೆ ಆಫೀಸಿಗೆ ಬಂತು. ಮಾರನೆಯ ಬೆಳಿಗ್ಗೆ ಅವರು ಬೆನ್ನು ತಿರುಗಿಸಿ ಪುಸ್ತಕ ಜೋಡಿಸುತ್ತಿದ್ದಾಗ ಬಾಗಿಲಲ್ಲಿ ಧ್ವನಿ ಕೇಳಿಸಿತು.

"ಒಜೆಲ್ಲಾ."

"ಆಂ, ಬಂದೆ ಇರಿ," ಎಂದುಬಿಟ್ಟರು.

ವೆಂಡೆಲ್ ರೈಲಿನಿಂದ ಇಳಿದು ಬಂದು ಕರೆದಾಗ ತಾವು ಓಗೊಡುತ್ತಿದ್ದ ಅದೇ ದನಿಯಲ್ಲಿ. ತಿರುಗಿದರೆ ಹಾಡ್ಜ್ ಹಲ್ಲು ಕಿರಿಯುತ್ತ ನಿಂತಿದ್ದ.

"ಇಷ್ಟು ಚಂದದ ಹೆಸರನ್ನ ಬಚ್ಚಿಟ್ಟಿದ್ಯಲ್ಲ?"

"ನನ್ನನ್ನ ಮಿಸೆಸ್ ಪೆಟಿಫರ್ಡ್ ಅನ್ನಿ."

"ಪ್ರೀತಿಯಿಂದ ಕರೆದ್ರೂ ತಪ್ಪು. ನಿಮ್ಮ ಜನಕ್ಕೆ ಎಲ್ಲದ್ರಲ್ಲೂ ಹುಳುಕೇ ಕಾಣತ್ತೆ." ಆತ ಹೊರಟುಹೋದ.

ಅವನು ಕರೆದದ್ದಕ್ಕಿಂತ, ಕರೆದ ಕೂಡಲೇ ತಮ್ಮ ಎದೆ ಹಿಗ್ಗಿದ್ದು ಅವರನ್ನು ಸುಟ್ಟಿತು. ಹೆಸರು ಕೇಳಲು ಅಷ್ಟು ಹಸಿದಿದ್ದೆನೇ ಎಂದು ನಾಚಿಕೆಯಾಯಿತು. ಸಂಜೆ ಮನೆಗೆ ಬಂದವರೇ ಕೋಟು ಸಹ ಬಿಚ್ಚದೆ ನ್ಯೂಆರ್ಕಿಗೆ ಫೋನು ಮಾಡಿದರು.

"ಚೆನ್ನಾಗಿದೀರಾ, ಮಿಸೆಸ್ ಬ್ಯಾಟಲ್?"

"ಏನ್ ಚೆನ್ನಾಗೋ, ಮಿಸೆಸ್ ಪೆಟಿಫರ್ಡ್. ಹೊರಗೆ ಚಳಿ, ಒಳಗೆ ನಮ್ಮಕ್ಕನ ಬಾಯಿ. ಯಾವ್ದಕ್ಕೆ ಹೆದರ್ಬೇಕೋ ತಿಳಿಯಲ್ಲ."

ಎಷ್ಟೋ ದಿನದ ಮೇಲೆ ಮಿಸೆಸ್ ಪೆಟಿಫರ್ಡ್ ನಕ್ಕರು. ಬೆಳಿಗ್ಗೆ ನಡೆದದ್ದನ್ನು ಹೇಳಿದರು. ಆಮೇಲೆ, "ಒಂದು ಕೇಳ್ತೀನಿ, ನಗಬೇಡಿ. ನೀವು ಒಂದ್ಸಲ ನನ್ನನ್ನ ಹೆಸರು ಹಿಡಿದು ಕರೀರಿ. ಕೊನೇ ಸಲ ಕೇಳಿದ್ದು ಅವನ ಬಾಯಲ್ಲಿ ಅಂತಾಗೋದು ಬೇಡ," ಎಂದರು.

ಆ ಕಡೆ ಇದ್ದವರು ಇಪ್ಪತ್ತು ವರ್ಷ ಒಂದೇ ಬೆಂಚಿನಲ್ಲಿ ಕೂತು ಉಂಡವರು, ವೆಂಡೆಲ್ ಅವರನ್ನು ಮಣ್ಣು ಮಾಡಿದ ದಿನ ಇವರನ್ನು ತಬ್ಬಿ ಹಿಡಿದಿದ್ದವರು.

"ಕರೀತೀನಿ, ಅದಕ್ಕೇನಂತೆ," ಎಂದರು ಮಿಸೆಸ್ ಬ್ಯಾಟಲ್, ಮೆತ್ತಗೆ. "ಆದ್ರೆ ಮಿಸೆಸ್ ಪೆಟಿಫರ್ಡ್, ನಿಮ್ಮ ಹೆಸರೇನು?"