ಐದನೇ ಮನೆ ಶ್ರುತಿ

ನಮ್ಮ ಸಂಗೀತದ ಮೇಷ್ಟ್ರ ಮೇಲೆ ನನಗಿರೋ ಸಿಟ್ಟು ಇನ್ನೂ ಆರಿಲ್ಲ. ಗುರುಗಳನ್ನ ಹಾಗೆಲ್ಲ ಅನ್ನಬಾರದಂತೆ. ಅಂತೀನಿ, ಏನೀಗ?

ಗುಬ್ಬಿಯಲ್ಲಿ ಅವರ ಪಡಸಾಲೆಯಲ್ಲಿ ನಾವು ಹತ್ತು ಮಕ್ಕಳು ಪಾಠಕ್ಕೆ ಕೂರ್ತಿದ್ವಿ. ಹಾರ್ಮೋನಿಯಮ್ಮಿನ ಒಂದೊಂದು ಕೀಗೂ ‘ಮನೆ’ ಅಂತಾರೆ. ನಿಮ್ಮ ‘ಸ’ ಯಾವ ಮನೆಯಲ್ಲಿ ಸಲೀಸಾಗಿ ಕೂರುತ್ತೋ ಅದೇ ನಿಮ್ಮ ಶ್ರುತಿ. ಮೇಷ್ಟ್ರದು ಒಂದನೇ ಮನೆ, ಗಂಡಸಿನ ಗಂಟಲು. ಅವರಿಗೆ ಅದು ಅಂದಮೇಲೆ ನಮಗೂ ಅದೇ. ನಾನು ಕೆಳಗೆ ಹಾಡಿದರೆ ಬರೀ ಗಾಳಿ, ಮೇಲಿನ ‘ಸ’ಕ್ಕೆ ಹತ್ತಿದರೆ ದನಿ ಒಡೆದುಹೋಗೋದು.

"ಬಾಗಿಲು ಕಿರುಗುಟ್ಟಿದಂಗದೆ ಕಣಮ್ಮ. ನಿಂಗೆ ಶಾರೀರ ಇಲ್ಲ, ಬುಡು," ಅಂದರು ಒಂದಿನ, ಎಲ್ಲರೆದುರಿಗೆ. ಹುಡುಗರು ಕಿಸಕ್ಕಂತ ನಕ್ಕರು. ಆಗ ನನಗೆ ಹದಿನಾಲ್ಕು. ಬಿಟ್ಟೆ. ಇಪ್ಪತ್ತೆರಡು ವರ್ಷ ಬಚ್ಚಲುಮನೆಯಲ್ಲೂ ಬಾಯಿ ಬಿಡಲಿಲ್ಲ. ಮಗಳನ್ನ ಮಲಗಿಸುವಾಗ ಕೂಡ ಬರೀ ತಟ್ಟಿದೆ, ಹಾಡಲಿಲ್ಲ.

ಹೋದ ವರ್ಷ ಆ ಮಗಳೇ ನನ್ನ ಫೋನಿಗೆ ತಂಬೂರಿ ಆ್ಯಪ್ ಹಾಕಿಕೊಟ್ಟಳು. ಕ್ಯಾತ್ಸಂದ್ರದ ನಮ್ಮ ಮನೆಯಲ್ಲಿ ಯಾರೂ ಇಲ್ಲದಾಗ ಶ್ರುತಿಯನ್ನ ಒಂದೊಂದೇ ಮನೆ ಸರಿಸ್ತಾ ಹಾಡಿ ನೋಡಿದೆ. ಐದನೇ ಮನೆಗೆ ಬಂದಾಗ ಮೇಲಿನ ‘ಸ’ ತಾನಾಗೇ ಬಂತು. ಅಯ್ಯೋ ಶಿವನೇ! ಇನ್ನೊಂದು ಸಲ ಹಾಡಿದೆ, ಮತ್ತೂ ಬಂತು. ಮೊದಲು ಅಳು ಬಂತು, ಅದರ ಹಿಂದೆಯೇ ಸಿಟ್ಟು.

ಬೀರು ಬಾಗಿಲು ತೆಗೆದು, ಹೊರಗಿನ ಸದ್ದು ಸೇರದಿರಲಿ ಅಂತ ಸೀರೆಗಳ ಮಧ್ಯೆ ಫೋನಿಟ್ಟು ಒಂದು ಕೀರ್ತನೆ ರೆಕಾರ್ಡ್ ಮಾಡೋಕೆ ಕೂತೆ. ಒಂದು ಸಲ ರೈಲು ಕೂಗಿತು, ಇನ್ನೊಂದು ಸಲ ಪಕ್ಕದ ಮನೆಯವರ ಮಿಕ್ಸಿ. ಎರಡಕ್ಕೂ ಬಾಯಿಗೆ ಬಂದಂಗೆ ಬೈದೆ. ಒಂಬತ್ತನೇ ಸಲಕ್ಕೆ ಕೀರ್ತನೆ ಪೂರ್ತಿ ಬಂತು.

ಮೇಷ್ಟ್ರು ಈಗ ಕುಣಿಗಲ್ಲಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಭಾನುವಾರ ಬಸ್ ಹತ್ತಿದೆ. ಅವರ ಬಾಯಲ್ಲಿ ‘ತಪ್ಪಾಯ್ತು ಕಣಮ್ಮ’ ಅನ್ನೋ ಒಂದು ಮಾತು ನನಗೆ ಬೇಕಿತ್ತು. ಪಾಪ, ಅವರಿಗೂ ಗೊತ್ತಾಗಿರಲಿಲ್ಲವೇನೋ ಅಂತ ದಾರಿಯುದ್ದಕ್ಕೂ ನಾನೇ ಸಮಾಧಾನ ಮಾಡಿಕೊಂಡು ಹೋದೆ.

ಫೋನ್ ಕಿವಿಗೆ ಹಿಡಿದು, ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

"ಐದನೇ ಮನೆ," ಅಂದರು. "ನಿಂದು ಅದೇ ಅಂತ ನಂಗೆ ಅವತ್ತೇ ಗೊತ್ತಿತ್ತು."

"ಗೊತ್ತಿದ್ದೂ ಯಾಕ್ ಹೇಳ್ಲಿಲ್ಲ ಮೇಷ್ಟ್ರೇ?"

"ಒಬ್ಬಳಿಗೋಸ್ಕರ ಶ್ರುತಿ ಬದಲಾಯಿಸ್ತಾ ಕೂರಕ್ಕಾಯ್ತದಾ? ತಗೋ, ಕಾಫಿ ಕುಡಿ."

ಕಾಫಿ ಮುಟ್ಟಲಿಲ್ಲ. ಫೋನ್ ಇಸ್ಕೊಂಡು ಎದ್ದೆ.

"ಅಪ್ಪನ ಕಾಲಿಗೆ ಬಿದ್ದು ಹೋಗಿ ಅಕ್ಕ," ಅಂದಳು ಅವರ ಮಗಳು.

ಸೊಂಟ ನೋವು ಕಣಮ್ಮ, ಬಗ್ಗೋಕಾಗಲ್ಲ ಅಂದೆ. ಸೊಂಟಕ್ಕೇನು ಧಾಡಿ, ಗುಂಡುಕಲ್ಲಿನಂಗಿತ್ತು.